ಪುಣೆ ನಗರದ ಸುಧಾರಣಾ ಪರಂಪರೆ

ಓಂಕಾರೇಶ್ವರ ದೇವಾಲಯದ ಬಳಿ ಮುಠಾ ನದಿಗೆ ಅಡ್ಡಲಾಗಿರುವ ಸೇತುವೆಯನ್ನು ಪುಣೆಯ ಕನ್ನಡಿಗರಾದ ನಾವು ಎಷ್ಟೋ ಬಾರಿ ದಾಟಿದ್ದೇವೆ. ಮಹರ್ಷಿ ವಿಠ್ಠಲ ರಾಮಜಿ ಶಿಂದೆ ಸೇತುವೆ ಎಂಬುದು ಅದರ ಹೆಸರು. ಆ ಮಹನೀಯರು 1873ರಲ್ಲಿ ಜನಿಸಿದ್ದು ನಮ್ಮ ಜಮಖಂಡಿಯಲ್ಲಿ ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿಯದು.

ಈ ನಗರದ ಸುಧಾರಣೆಯ ಕಥೆಯನ್ನು ಬುಧವಾರ ಪೇಟೆಯ ಭಿಡೆ ವಾಡೆಯಿಂದ ಆರಂಭಿಸುವುದು ವಾಡಿಕೆ. ಜ್ಯೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿಗಳು 1848ರಲ್ಲಿ ಅಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದರು. 1868ರಲ್ಲಿ ತಮ್ಮ ಮನೆಯ ನೀರಿನ ತೊಟ್ಟಿಯನ್ನು ಅಸ್ಪೃಶ್ಯರಿಗೆ ಮುಕ್ತಗೊಳಿಸಿದರು. ಸತ್ಯಶೋಧಕ ಸಮಾಜ ಸ್ಥಾಪನೆಯಾದುದು 1873ರಲ್ಲಿ. ಶಿಥಿಲವಾಗಿದ್ದ ಭಿಡೆ ವಾಡೆಯನ್ನು ಸ್ಮಾರಕ ನಿರ್ಮಾಣಕ್ಕಾಗಿ 2023ರಲ್ಲಿ ಕೆಡವಲಾಯಿತು.

ರಾಜಕೀಯ ಸ್ವಾತಂತ್ರ್ಯ ಮೊದಲೋ, ಸಮಾಜ ಸುಧಾರಣೆ ಮೊದಲೋ ಎಂಬ ವಾದ ಪುಣೆಯಲ್ಲಿ ನಡೆದಷ್ಟು ಕಟುವಾಗಿ ಬೇರೆಡೆ ನಡೆದಿರಲಾರದು. 1881ರಲ್ಲಿ ‘ಕೇಸರಿ’ಯನ್ನು ಕೂಡಿ ಆರಂಭಿಸಿದ ಟಿಳಕರು ಮತ್ತು ಆಗರಕರರು ಇದೇ ಪ್ರಶ್ನೆಯಲ್ಲಿ ಬೇರೆಯಾದರು. ಆಗರಕರರು 1888ರಲ್ಲಿ ‘ಸುಧಾರಕ’ ಪತ್ರಿಕೆಯನ್ನು ಹೊರಡಿಸಿದರು. ವಿರೋಧಿಗಳು ಅವರ ಜೀವಿತಕಾಲದಲ್ಲೇ ಅಣಕು ಶವಯಾತ್ರೆ ನಡೆಸಿದರು. 1895ರ ಕಾಂಗ್ರೆಸ್ ಅಧಿವೇಶನದ ಮಂಟಪದಲ್ಲಿ ರಾನಡೆಯವರ ಸಾಮಾಜಿಕ ಪರಿಷತ್ತಿಗೆ ಜಾಗ ಕೊಡುವುದಕ್ಕೂ ತೀವ್ರ ವಿರೋಧ ಬಂದಿತು. ಟಿಳಕರ ರಾಜಕೀಯ ಧೈರ್ಯವನ್ನು ಗೌರವಿಸುವ ನಮಗೂ ಈ ಅಧ್ಯಾಯ ಇರಿಸುಮುರಿಸು ಉಂಟುಮಾಡುತ್ತದೆ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ 1858ರಲ್ಲಿ ಜನಿಸಿದ ಪಂಡಿತಾ ರಮಾಬಾಯಿಯವರೂ ನಮ್ಮ ನಾಡಿನವರೇ. ಅವರು 1882ರಲ್ಲಿ ಇಲ್ಲಿ ಆರ್ಯ ಮಹಿಳಾ ಸಮಾಜವನ್ನು ನಡೆಸಿದರು. ಅದೇ ವರ್ಷ ಹಂಟರ್ ಆಯೋಗದ ಮುಂದೆ ಸ್ತ್ರೀ ಶಿಕ್ಷಣದ ಪರವಾಗಿ ಸಾಕ್ಷ್ಯ ನುಡಿದರು. ವಿಧವೆಯರಿಗಾಗಿ ಮುಂಬಯಿಯಲ್ಲಿ ತೆರೆದ ಅವರ ಶಾರದಾ ಸದನವು 1890ರಲ್ಲಿ ಪುಣೆಗೆ ಬಂದಿತು. ಮತಾಂತರದ ಆರೋಪ ಎದ್ದಾಗ ಅದುವರೆಗೆ ಜೊತೆಗಿದ್ದ ರಾನಡೆ ಮತ್ತು ಭಾಂಡಾರಕರರೂ ದೂರ ಸರಿದರು.

ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ದಲಿತ ವರ್ಗಗಳ ಮಿಷನ್ ಸ್ಥಾಪಿಸಿ, ಪುಣೆಯಲ್ಲೂ ಶಾಲೆ, ವಸತಿನಿಲಯಗಳನ್ನು ಕಟ್ಟಿದರು. 1929ರ ಪರ್ವತಿ ದೇವಾಲಯ ಪ್ರವೇಶ ಸತ್ಯಾಗ್ರಹದಲ್ಲಿ ಶಿವರಾಮ ಜಾನಬಾ ಕಾಂಬಳೆಯವರ ಸಂಗಡಿಗರು ಕಲ್ಲೇಟು ತಿಂದರು. 1932ರಲ್ಲಿ ಯರವಡಾ ಸೆರೆಮನೆಯಲ್ಲಿ ಗಾಂಧೀಜಿಯವರ ಉಪವಾಸ, ಅಂಬೇಡಕರರೊಡನೆ ಪುಣೆ ಒಪ್ಪಂದ. ಅದು ಎಲ್ಲರಿಗೂ ಗೊತ್ತಿರುವ ಇತಿಹಾಸ.

ಮತ್ತೆ ಅದೇ ಸೇತುವೆಗೆ ಬರೋಣ. ಅಂಧಶ್ರದ್ಧೆಯ ವಿರುದ್ಧ ಜೀವನವಿಡೀ ಹೋರಾಡಿದ ಡಾ. ನರೇಂದ್ರ ದಾಭೋಳಕರರನ್ನು 2013ರ ಆಗಸ್ಟ್ 20ರಂದು, ಬೆಳಗಿನ ವಾಯುವಿಹಾರದ ವೇಳೆ, ಅಲ್ಲಿಯೇ ಗುಂಡಿಕ್ಕಿ ಕೊಲ್ಲಲಾಯಿತು. ಅವರು ವರ್ಷಗಟ್ಟಲೆ ಬೇಡಿದ ಮಾಟಮಂತ್ರ ನಿಷೇಧ ಕಾನೂನು ಅದೇ ಡಿಸೆಂಬರಿನಲ್ಲಿ ಅಂಗೀಕಾರವಾಯಿತು. ಎರಡು ವರ್ಷಗಳ ನಂತರ ಧಾರವಾಡದಲ್ಲಿ ಡಾ. ಎಂ.ಎಂ. ಕಲಬುರ್ಗಿಯವರು ತಮ್ಮ ಮನೆಯ ಬಾಗಿಲಲ್ಲೇ ಹತರಾದರು. ದಾಭೋಳಕರ ಪ್ರಕರಣದಲ್ಲಿ 2024ರ ಮೇ ತಿಂಗಳಲ್ಲಿ ಪುಣೆಯ ನ್ಯಾಯಾಲಯವು ಇಬ್ಬರಿಗೆ ಜೀವಾವಧಿ ಶಿಕ್ಷೆ ವಿಧಿಸಿ, ಮೂವರನ್ನು ಬಿಡುಗಡೆ ಮಾಡಿತು.