ವೈದ್ಯಕೀಯ ಮಂಡಳಿ ಪ್ರಮಾಣೀಕರಣ (ಅಮೆರಿಕ ಸಂಯುಕ್ತ ಸಂಸ್ಥಾನ)

ವೈದ್ಯಕೀಯ ಮಂಡಳಿ ಪ್ರಮಾಣೀಕರಣವು ವೈದ್ಯರೊಬ್ಬರು ತಮ್ಮ ತಜ್ಞ ವಿಭಾಗದಲ್ಲಿ ನಿಗದಿತ ತರಬೇತಿ ಪಡೆದು ಪರೀಕ್ಷೆಯಲ್ಲಿ ಉತ್ತೀರ್ಣರಾಗಿದ್ದಾರೆಂದು ಆ ವಿಭಾಗದ ಮಂಡಳಿಯು ನೀಡುವ ಮನ್ನಣೆಯಾಗಿದೆ. ಇದು ವೃತ್ತಿ ಪರವಾನಗಿಯಿಂದ ಭಿನ್ನವಾದುದು. ಪರವಾನಗಿಯನ್ನು ಆಯಾ ರಾಜ್ಯ ನೀಡುತ್ತದೆ. ಅದಿಲ್ಲದೆ ಚಿಕಿತ್ಸೆ ನೀಡುವಂತಿಲ್ಲ. ಪ್ರಮಾಣೀಕರಣವು ಕಾನೂನಿನ ದೃಷ್ಟಿಯಲ್ಲಿ ಐಚ್ಛಿಕ. ಆದರೂ ಅನೇಕ ಆಸ್ಪತ್ರೆಗಳೂ ವಿಮಾ ಸಂಸ್ಥೆಗಳೂ ಇದನ್ನು ಅಪೇಕ್ಷಿಸುವುದರಿಂದ, ಇದನ್ನು ಕಳೆದುಕೊಂಡವರ ಜೀವನೋಪಾಯಕ್ಕೇ ಧಕ್ಕೆಯೊದಗಬಹುದು.

ಇತಿಹಾಸ

ಮೊದಲ ತಜ್ಞ ಮಂಡಳಿಯು ನೇತ್ರವೈದ್ಯ ವಿಭಾಗದಲ್ಲಿ 1916ರಲ್ಲಿ ರೂಪುಗೊಂಡಿತು. ಬೇರೆ ಬೇರೆ ಮಂಡಳಿಗಳ ನಡುವೆ ಹೊಂದಾಣಿಕೆ ತರಲು 1933ರಲ್ಲಿ ಒಂದು ಸಲಹಾ ಮಂಡಳಿ ಸ್ಥಾಪನೆಯಾಯಿತು. ಅದೇ ಇಂದಿನ ಅಮೆರಿಕನ್ ಬೋರ್ಡ್ ಆಫ್ ಮೆಡಿಕಲ್ ಸ್ಪೆಷಾಲಿಟೀಸ್. ಇದರಲ್ಲಿ 24 ಸದಸ್ಯ ಮಂಡಳಿಗಳಿವೆ.

ಪಡೆಯುವ ಕ್ರಮ

ವೈದ್ಯಕೀಯ ಪದವಿಯ ನಂತರ ರೆಸಿಡೆನ್ಸಿ ಎಂಬ ಆಸ್ಪತ್ರೆ ತರಬೇತಿಯನ್ನು ಪೂರೈಸಬೇಕು. ಇದರ ಅವಧಿ ಇಂಟರ್ನಲ್ ಮೆಡಿಸಿನ್ ವಿಭಾಗಕ್ಕೆ 3 ವರ್ಷ, ಸಾಮಾನ್ಯ ಶಸ್ತ್ರಚಿಕಿತ್ಸೆಗೆ 5 ವರ್ಷ. ಬಳಿಕ ಮಂಡಳಿಯ ಪರೀಕ್ಷೆ ನಡೆಯುತ್ತದೆ. ಶಸ್ತ್ರಚಿಕಿತ್ಸೆಯಂತಹ ವಿಭಾಗಗಳಲ್ಲಿ ಲಿಖಿತ ಪರೀಕ್ಷೆಯೊಡನೆ ಮೌಖಿಕ ಪರೀಕ್ಷೆಯೂ ಉಂಟು. ಹೊರದೇಶಗಳ ಪದವೀಧರರು ರೆಸಿಡೆನ್ಸಿಗೆ ಸೇರಲು ಮೊದಲು ಇಸಿಎಫ್‌ಎಂಜಿ ಪ್ರಮಾಣಪತ್ರ ಪಡೆಯಬೇಕು. ಕರ್ನಾಟಕದ ಕಾಲೇಜುಗಳಲ್ಲಿ ಸ್ನಾತಕೋತ್ತರ ಪದವಿ ಪಡೆದವರೂ ಅಲ್ಲಿ ಸಾಮಾನ್ಯವಾಗಿ ಮತ್ತೊಮ್ಮೆ ರೆಸಿಡೆನ್ಸಿ ಮಾಡಬೇಕಾಗುತ್ತದೆ.

ಉಳಿಸಿಕೊಳ್ಳುವ ಕ್ರಮ

ಮೊದಲು ಪ್ರಮಾಣಪತ್ರವು ಜೀವಾವಧಿಯದಾಗಿತ್ತು. ವೈದ್ಯವಿಜ್ಞಾನ ಬೆಳೆದಂತೆ ಹಳೆಯ ಪರೀಕ್ಷೆಯೊಂದೇ ಇಂದಿನ ಅರ್ಹತೆಗೆ ಸಾಕ್ಷಿಯಾಗಲಾರದೆಂಬ ಅಭಿಪ್ರಾಯ ಬಲಗೊಂಡಿತು. 1969ರಲ್ಲಿ ಆರಂಭವಾದ ಕುಟುಂಬ ವೈದ್ಯ ಮಂಡಳಿಯು ಕಾಲಕಾಲಕ್ಕೆ ನವೀಕರಣವನ್ನು ಕಡ್ಡಾಯಗೊಳಿಸಿದ ಮೊದಲ ಮಂಡಳಿ. ಇಂಟರ್ನಲ್ ಮೆಡಿಸಿನ್ ಮಂಡಳಿಯು 1990ರಿಂದ 10 ವರ್ಷ ಅವಧಿಯ ಪ್ರಮಾಣಪತ್ರ ನೀಡತೊಡಗಿತು. ಅದಕ್ಕೂ ಮೊದಲು ಪಡೆದವರ ಪತ್ರಗಳು ಜೀವಾವಧಿಯವಾಗಿಯೇ ಉಳಿದವು.

ವಿವಾದ ಮತ್ತು ಸುಧಾರಣೆ

ಒಂದೇ ಆಸ್ಪತ್ರೆಯಲ್ಲಿ ದುಡಿಯುವ ಹಿರಿಯರಿಗೆ ವಿನಾಯಿತಿ, ಕಿರಿಯರಿಗೆ ಪರೀಕ್ಷೆ ಎಂಬ ತಾರತಮ್ಯವು ಅಸಮಾಧಾನಕ್ಕೆ ಕಾರಣವಾಯಿತು. 2014ರಲ್ಲಿ ಇಂಟರ್ನಲ್ ಮೆಡಿಸಿನ್ ಮಂಡಳಿಯು ನಿಯಮಗಳನ್ನು ಬಿಗಿಗೊಳಿಸಿದಾಗ, ಶುಲ್ಕ ಹೆಚ್ಚು, ರೋಗಿಗಳಿಗೆ ಮೀಸಲಿಡಬೇಕಾದ ಸಮಯ ವ್ಯರ್ಥ, ಪ್ರಶ್ನೆಗಳಿಗೂ ದಿನನಿತ್ಯದ ಚಿಕಿತ್ಸೆಗೂ ಸಂಬಂಧವಿಲ್ಲ ಎಂದು ವೈದ್ಯರು ಪ್ರತಿಭಟಿಸಿದರು. 2015ರ ಫೆಬ್ರವರಿಯಲ್ಲಿ ಮಂಡಳಿಯು ಬಹಿರಂಗವಾಗಿ ಕ್ಷಮೆ ಕೋರಿ, ಕೆಲವು ನಿಯಮಗಳನ್ನು ತಡೆಹಿಡಿಯಿತು. 2022ರಿಂದ ದೀರ್ಘ ಪರೀಕ್ಷೆಗೆ ಪರ್ಯಾಯವಾಗಿ, 5 ವರ್ಷಗಳ ಕಾಲ ಪ್ರತಿ ಮೂರು ತಿಂಗಳಿಗೆ 30 ಪ್ರಶ್ನೆಗಳನ್ನು ಉತ್ತರಿಸುವ ಕ್ರಮವನ್ನು ಜಾರಿಗೆ ತಂದಿತು. ಇದರಲ್ಲಿ ಗ್ರಂಥಗಳನ್ನು ನೋಡಿ ಉತ್ತರಿಸಲು ಅವಕಾಶವಿದ್ದು, ನೆನಪಿನ ಶಕ್ತಿಗಿಂತ ಸರಿಯಾದ ಮಾಹಿತಿಯನ್ನು ಹುಡುಕಿ ಬಳಸುವ ಸಾಮರ್ಥ್ಯಕ್ಕೆ ಬೆಲೆಯಿದೆ.

ಸಾರ್ವಜನಿಕ ಉಪಯೋಗ

ತಮ್ಮ ವೈದ್ಯರ ಪ್ರಮಾಣಪತ್ರ ಚಾಲ್ತಿಯಲ್ಲಿದೆಯೇ ಎಂಬುದನ್ನು ರೋಗಿಗಳು ಅಂತರಜಾಲದಲ್ಲಿ ಉಚಿತವಾಗಿ ಪರಿಶೀಲಿಸಬಹುದು.