ಪತ್ರ ಬದಲಾಯಿಸೋದು: ಸೂಪಾದ ಬೆಂಕಿ, ಕಣಗಿನಹಾಳದ ಸಂಘ, ನನ್ನ ನಾಲ್ಕು ಆ್ಯಪ್

ಸಾಲದ ಇತಿಹಾಸದ ಬಗ್ಗೆ ಒಂದು ಸಂಚಿಕೆ ಮಾಡಿ ಅಂತ ಕೇಳುಗರು ತುಂಬಾ ದಿನದಿಂದ ಹೇಳ್ತಾ ಇದ್ದರು. ನಾನು ಮುಂದೂಡುತ್ತಲೇ ಬಂದೆ. ನನ್ನ ಸಾಲ ತೀರದೆ ಈ ವಿಷಯಕ್ಕೆ ಮೈಕ್ ಮುಂದೆ ಕೂರೋಕೆ ಮನಸ್ಸಾಗಲಿಲ್ಲ, ಅಷ್ಟೇ.

ನಾನು ಬಿ.ಕಾಂ. ಓದಿದವನು. ಚಕ್ರಬಡ್ಡಿಯ ಸೂತ್ರ ನಿದ್ದೆಯಲ್ಲಿ ಎಬ್ಬಿಸಿ ಕೇಳಿದ್ರೂ ಹೇಳ್ತೀನಿ. ಅಂಥವನ ತಲೆ ಮೇಲೆ 2022ರ ಫೆಬ್ರುವರಿಯಲ್ಲಿ, ಇಪ್ಪತ್ತೈದನೇ ವಯಸ್ಸಿಗೆ, 1,88,000 ರೂಪಾಯಿ ಸಾಲ ಇತ್ತು. ಒಂದು ಕ್ರೆಡಿಟ್ ಕಾರ್ಡು, ನಾಲ್ಕು ಆ್ಯಪ್. ಬೆಂಗಳೂರಲ್ಲಿ ಕೈಗೆ ಬರ್ತಿದ್ದ ಸಂಬಳ 24,000. ಆ್ಯಪ್‌ನ ಲೆಕ್ಕ ಹೇಗಿತ್ತು ಅಂದ್ರೆ, ಪರದೆ ಮೇಲೆ ಸಾಲ ಹತ್ತು ಸಾವಿರ, ಖಾತೆಗೆ ಬಂದಿದ್ದು ಏಳು ಸಾವಿರ, ಉಳಿದ ಮೂರು 'ಶುಲ್ಕ'. ಹದಿನೈದು ದಿನಕ್ಕೆ ಹತ್ತು ಸಾವಿರ ಕಟ್ಟಬೇಕು. ಆಗಲಿಲ್ವಾ? ಇನ್ನೊಂದು ಮೂರು ಸಾವಿರ ಕಟ್ಟಿ, ಗಡುವು ಮತ್ತೆ ಹದಿನೈದು ದಿನ ಮುಂದೆ ಹೋಗುತ್ತೆ. ಸಾಲ ಮಾತ್ರ ಹತ್ತು ಸಾವಿರವೇ ಉಳಿಯುತ್ತೆ. ನಾನು ಹೀಗೆ ಒಂದೇ ಸಾಲವನ್ನು ಐದು ಸಲ ಮುಂದೂಡಿದ್ದೀನಿ. ಏಳು ಸಾವಿರ ತಗೊಂಡು ಹದಿನೈದು ಸಾವಿರ ಕಟ್ಟಿ, ಇನ್ನೂ ಹತ್ತು ಸಾವಿರ ಬಾಕಿ ಇತ್ತು.

ಈ ಮುಂದೂಡೋ ಆಟಕ್ಕೆ ಹಳ್ಳಿಯಲ್ಲಿ ಬೇರೆ ಹೆಸರಿದೆ. ಪತ್ರ ಬದಲಾಯಿಸೋದು. ಇವತ್ತಿನ ಕಥೆ ಅದರದ್ದೇ.

1859ರಲ್ಲಿ ಬ್ರಿಟಿಷ್ ಸರ್ಕಾರ ಕಾಲಮಿತಿ ಕಾಯ್ದೆ ತಂತು. ಸಾಲಪತ್ರಕ್ಕೆ ಮೂರೇ ವರ್ಷ ಆಯುಷ್ಯ, ಆಮೇಲೆ ಕೋರ್ಟಿನಲ್ಲಿ ಅದು ನಡೆಯಲ್ಲ. ಉದ್ದೇಶ ಒಳ್ಳೆಯದೇ, ಬಡ್ಡಿ ವರ್ಷಾನುಗಟ್ಟಲೆ ಬೆಳೀಬಾರದು ಅಂತ. ಸಾಹುಕಾರ ಇದನ್ನೇ ತಿರುಗಿಸಿ ಹಿಡಿದ. ಮೂರು ವರ್ಷ ಮುಗಿಯೋ ಹೊತ್ತಿಗೆ ರೈತನನ್ನು ಕರೆಸಿ, ಅಸಲು ಮತ್ತು ಬಾಕಿ ಬಡ್ಡಿ ಎರಡನ್ನೂ ಕೂಡಿಸಿ, ಅದೇ ಹೊಸ ಅಸಲು ಅಂತ ಹೊಸ ಪತ್ರ ಬರೆಸಿಕೊಳ್ಳೋದು.

ಲೆಕ್ಕ ಹಾಕೋಣ, ಇದೊಂದು ನನಗೆ ಬರುತ್ತೆ. ನೂರು ರೂಪಾಯಿ ಸಾಲ, ತಿಂಗಳಿಗೆ ನೂರಕ್ಕೆ ಎರಡು ರೂಪಾಯಿ ಬಡ್ಡಿ. ಪತ್ರ ಬದಲಾಯಿಸದೆ ಬಿಟ್ಟರೆ ಹನ್ನೆರಡು ವರ್ಷಕ್ಕೆ 388 ರೂಪಾಯಿ. ಮೂರು ವರ್ಷಕ್ಕೊಮ್ಮೆ ಪತ್ರ ಬದಲಾಯಿಸಿದರೆ ಮೊದಲು 172, ಆಮೇಲೆ 296ರ ಹತ್ತಿರ, ಆಮೇಲೆ 509, ಹನ್ನೆರಡನೇ ವರ್ಷಕ್ಕೆ 875. ಬಡ್ಡಿ ದರ ಒಂದು ಪೈಸೆಯೂ ಏರಿಲ್ಲ, ಗಮನಿಸಿ.

ಇದಕ್ಕೆ ತಡೆ ಇರಲಿಲ್ವಾ? ಇತ್ತು. ದಾಮದುಪ್ಪಟ್ಟು ಅಂತ ಹಳೇ ಹಿಂದೂ ಧರ್ಮಶಾಸ್ತ್ರದ ನಿಯಮ, ಬಾಂಬೆ ಪ್ರಾಂತ್ಯದ ಕೋರ್ಟುಗಳೂ ಒಪ್ಪಿದ್ದವು. ಒಂದು ಸಲಕ್ಕೆ ವಸೂಲು ಮಾಡೋ ಬಾಕಿ ಬಡ್ಡಿ ಅಸಲನ್ನು ಮೀರಬಾರದು. ನೂರು ಕೊಟ್ಟವನು ಹೆಚ್ಚೆಂದರೆ ಇನ್ನೂರು ಕೇಳಬಹುದು. ಆದರೆ ಹೊಸ ಪತ್ರದಲ್ಲಿ ಹಳೇ ಬಡ್ಡಿಯೇ ಅಸಲಾಗಿ ಕೂತಿರುತ್ತಲ್ಲ, ಆಗ ಮಿತಿಯೂ ಅದರ ಜೊತೆಗೇ ಮೇಲೆ ಹೋಗ್ತಿತ್ತು.

ಇದರ ಮೇಲೆ ಹತ್ತಿಯ ಕಥೆ ಸೇರಿಕೊಳ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಿತು. ಮಿಲ್ಲುಗಳವರು ಭಾರತದ ಕಡೆ ಓಡಿಬಂದರು. ದಖ್ಖನ್ನಿನ ಹಳ್ಳಿಗಳಲ್ಲಿ ಕೇಳದವರಿಗೂ ಸಾಲ ಸಿಕ್ಕಿತು, ಹತ್ತಿ ಬಿತ್ತಿದರೆ ಸಾಕು. ನಮ್ಮ ಧಾರವಾಡ ಸೀಮೆಯೂ ಆಗ ಹತ್ತಿಗೆ ಹೆಸರಾಗಿತ್ತು. 1865ರಲ್ಲಿ ಯುದ್ಧ ಮುಗೀತು, ಬೆಲೆ ಬಿತ್ತು, ಸಾಲ ಕೊಡೋರು ಕೈ ಎಳೆದುಕೊಂಡು ಹಳೇ ಬಾಕಿ ಕೇಳೋಕೆ ನಿಂತರು. ಅದೇ ಹೊತ್ತಿಗೆ ಸರ್ಕಾರ ಕಂದಾಯ ಏರಿಸಿತು. ಮಳೆ ಬರಲಿ ಬಿಡಲಿ, ಕಂದಾಯ ನಗದಿನಲ್ಲೇ, ಗಡುವಿಗೇ ಕಟ್ಟಬೇಕು. ಸಾಹುಕಾರನೊಬ್ಬನೇ ಖಳನಾಯಕ ಅಂತ ಹೇಳೋ ಇತಿಹಾಸ ನನಗೆ ಅಷ್ಟು ನಂಬಿಕೆ ಹುಟ್ಟಿಸಲ್ಲ. ರೈತ ಅವನ ಬಾಗಿಲಿಗೆ ಹೋಗಿದ್ದರಲ್ಲಿ ಸರ್ಕಾರದ ಪಾಲು ದೊಡ್ಡದೇ ಇತ್ತು.

1875ರ ಮೇ 12. ಸೂಪಾ. ನಮ್ಮ ಜೋಯಿಡಾ ಕಡೆಯ ಸೂಪಾ ಅಲ್ಲ, ಪುಣೆ ಜಿಲ್ಲೆಯದು, ಸಂತೆ ನಡೆಯೋ ಊರು. ಸುತ್ತಲಿನ ಹಳ್ಳಿಗಳ ರೈತರು ಸೇರಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ಕೇಳಿದ್ದು ಲೆಕ್ಕದ ಪುಸ್ತಕ ಮತ್ತು ಸಾಲಪತ್ರ. ಸಿಕ್ಕಿದ್ದಕ್ಕೆ ಬೆಂಕಿ ಹಚ್ಚಿದರು. ಧಾನ್ಯದ ಅಂಗಡಿಗಳು ಲೂಟಿಯಾದವು, ಕೆಲವು ಮನೆಗಳೂ ಸುಟ್ಟವು. ಅಹ್ಮದ್‌ನಗರದವರೆಗೆ ಹಬ್ಬಿ, ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ ಇದೇ ನಡೀತು. ಪೊಲೀಸರು 951 ಜನರನ್ನು ಹಿಡಿದರು. ಆಮೇಲೆ ಕೂತ ವಿಚಾರಣಾ ಆಯೋಗದ ಮುಂದೆ ಬಂದ ಒಂದು ಪ್ರಕರಣದಲ್ಲಿ ನೂರು ರೂಪಾಯಿ ಸಾಲಕ್ಕೆ ಎರಡು ಸಾವಿರಕ್ಕೂ ಹೆಚ್ಚು ಬಡ್ಡಿ ಹಾಕಲಾಗಿತ್ತು.

1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಅದರಲ್ಲಿ ಒಂದು ಅಂಶ ನನ್ನ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಡ್ತು. ನ್ಯಾಯಾಧೀಶ ಈಗಿನ ಪತ್ರದಲ್ಲಿರೋ ಮೊತ್ತವನ್ನು ಹಾಗೇ ಒಪ್ಪಬೇಕಿಲ್ಲ. ಪತ್ರದ ಹಿಂದಕ್ಕೆ ಹೋಗಬಹುದು. ಮೊಟ್ಟಮೊದಲು ಕೈಗೆ ಬಂದ ಹಣ ಎಷ್ಟು, ಕಟ್ಟಿದ್ದೆಷ್ಟು, ಬಡ್ಡಿ ಎಷ್ಟು ಅಂತ ಖಾತೆಯನ್ನು ಬುಡದಿಂದ ತೆಗೆಸಬಹುದು. ಸಾಲಕ್ಕಾಗಿ ರೈತನನ್ನು ಜೈಲಿಗೆ ಹಾಕೋದೂ ನಿಂತಿತು. ಇದರ ಇನ್ನೊಂದು ಮುಖವೂ ಇದೆ. ಹೊಸ ಕಾಯ್ದೆಗೆ ಹೆದರಿ ಎಷ್ಟೋ ಸಾಹುಕಾರರು ಸಾಲ ಕೊಡೋದನ್ನೇ ಕಡಿಮೆ ಮಾಡಿದರು. ಬಿತ್ತನೆಗೆ ದುಡ್ಡು ಬೇಕಾದವನಿಗೆ ಆಗ ಬೇರೆ ದಾರಿ ಎಲ್ಲಿತ್ತು?

ಒಂದು ರಾತ್ರಿ ಇದನ್ನು ಓದಿ ಮುಗಿಸಿ, ಹಳೇ ನೋಟ್‌ಬುಕ್ ತೆಗೆದು ನನ್ನ ಖಾತೆ ಬುಡದಿಂದ ತೆಗೆದೆ. ಅಲ್ಲಿಯವರೆಗೆ ಮೊತ್ತವನ್ನು ಕೂಡಿಸೋ ಧೈರ್ಯವನ್ನೇ ಮಾಡಿರಲಿಲ್ಲ, ಒಂದೊಂದು ಆ್ಯಪ್ಪನ್ನೂ ಬೇರೆ ಬೇರೆ ಸಣ್ಣ ಸಾಲ ಅಂದುಕೊಂಡಿದ್ದೆ. ನಾನು ನಿಜವಾಗಿ ಪಡೆದದ್ದು ಅಥವಾ ಖರ್ಚು ಮಾಡಿದ್ದು 1,62,000. ಕಟ್ಟಿದ್ದು 1,37,000. ಇನ್ನೂ ಬಾಕಿ 1,88,000. ಬಡ್ಡಿ ಮತ್ತು ಶುಲ್ಕವೇ 1,63,000, ಅಂದ್ರೆ ಅಸಲಿಗಿಂತ ಒಂದು ಸಾವಿರ ಜಾಸ್ತಿ! ಕಾರ್ಡಿನವರು 'ಕನಿಷ್ಠ ಮೊತ್ತ ಕಟ್ಟಿ' ಅಂತ ಪ್ರತಿ ತಿಂಗಳು ಕಳಿಸ್ತಿದ್ದ ಸಂದೇಶ ಕೂಡ ಪತ್ರ ಬದಲಾಯಿಸೋ ಕರೆಯೇ ಅಂತ ಆವತ್ತು ತಿಳೀತು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಅಂದ್ರೆ ಚಕ್ರಬಡ್ಡಿಯಲ್ಲಿ ವರ್ಷಕ್ಕೆ ಐವತ್ತೊಂದು. ಪರೀಕ್ಷೆಯಲ್ಲಾಗಿದ್ದರೆ ಅರ್ಧ ನಿಮಿಷದ ಪ್ರಶ್ನೆ.

ಈಗ ಸ್ವಲ್ಪ ಜರ್ಮನಿಗೆ ಹೋಗಬೇಕು. 1845ರಲ್ಲಿ ಫ್ರೆಡ್ರಿಕ್ ವಿಲ್‌ಹೆಲ್ಮ್ ರೈಫೈಸನ್ ಅನ್ನೋರು ವೈಯರ್‌ಬುಶ್ ಅನ್ನೋ ಬಡ ಹಳ್ಳಿಗಾಡಿನ ಮೇಯರ್ ಆದರು. ಮರುವರ್ಷವೇ ಬರ. ಅನುಕೂಲಸ್ಥರಿಂದ ಹಣ ಎತ್ತಿ, ಹಿಟ್ಟು ತಂದು, ಬ್ರೆಡ್ ಬೇಯಿಸಿ ಸಾಲವಾಗಿ ಕೊಟ್ಟರು. ಮುಂದಿನ ಊರುಗಳಲ್ಲೂ ಶ್ರೀಮಂತರ ದಾನಬುದ್ಧಿಯ ಮೇಲೆಯೇ ಸಂಘ ಕಟ್ಟಿ ನೋಡಿದರು. ದಾನಿಗಳ ಉತ್ಸಾಹ ಕೆಲ ವರ್ಷಕ್ಕೆ ಆರಿಹೋಗ್ತಿತ್ತು. ಕೊನೆಗೆ 1864ರಲ್ಲಿ ಹೆಡ್ಡೆಸ್‌ಡಾರ್ಫ್‌ನಲ್ಲಿ, ಸಾಲ ಬೇಕಾದವರೇ ಸದಸ್ಯರಾಗಿ ಒಬ್ಬರ ಸಾಲಕ್ಕೆ ಎಲ್ಲರೂ ಹೊಣೆ ನಿಲ್ಲೋ ಸಂಘ ಕಟ್ಟಿದರು. ಮದ್ರಾಸ್ ಸರ್ಕಾರ ಕಳಿಸಿದ್ದ ಫ್ರೆಡ್ರಿಕ್ ನಿಕಲ್ಸನ್ ಯುರೋಪನ್ನು ನೋಡಿ ಬಂದು 1895 ಮತ್ತು 1897ರಲ್ಲಿ ವರದಿ ಕೊಟ್ಟಾಗ, ಅದರ ಸಾರ ರೈಫೈಸನ್ ದಾರಿ ಹಿಡೀರಿ ಅಂತಲೇ ಇತ್ತು.

ಅದರಿಂದ 1904ರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. ಕನಿಷ್ಠ ಹತ್ತು ಜನ, ಹದಿನೆಂಟು ದಾಟಿದವರು, ಒಂದೇ ಊರಿನವರು ಅಥವಾ ಒಂದೇ ಜಾತಿಯವರು. ಹೌದು, ಕಾಯ್ದೆಯಲ್ಲೇ ಜಾತಿ ಇತ್ತು. ಹಳ್ಳಿಯ ಸಂಘಕ್ಕೆ ಹೊಣೆಗಾರಿಕೆ ಅಪರಿಮಿತ, ಸಂಘ ಮುಳುಗಿದರೆ ಸದಸ್ಯನ ಸ್ವಂತ ಆಸ್ತಿಗೂ ಕೈ ಬೀಳುತ್ತೆ. ಮರುವರ್ಷ, 1905ರಲ್ಲಿ, ಆಗ ಧಾರವಾಡ ಜಿಲ್ಲೆಗೆ ಸೇರಿದ್ದ ಗದಗ ಪಕ್ಕದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಶುರು ಮಾಡಿದರು. ದೇಶದ ಮೊದಲ ಕೃಷಿ ಸಹಕಾರಿ ಸಂಘ ಅಂತ ಅದನ್ನೇ ಕರೀತಾರೆ. ನಮ್ಮೂರಿಂದ ಅಲ್ಲಿಗೆ ಬಸ್ಸಿನಲ್ಲಿ ಒಂದು ತಾಸು. ಶಾಲೆಯಲ್ಲಿ ಯಾರೂ ನಮಗೆ ಹೇಳಲಿಲ್ಲ ನೋಡಿ.

ಅದನ್ನು ಪೂಜೆ ಮಾಡೋ ಹಾಗೂ ಇಲ್ಲ. ಹೊಲ ಇಲ್ಲದವನಿಗೆ ಇಂಥ ಸಂಘಗಳ ಬಾಗಿಲು ಸುಲಭಕ್ಕೆ ತೆಗೀಲಿಲ್ಲ. ಸಾಲಕ್ಕೆ ದುಡಿಮೆಯನ್ನೇ ಒತ್ತೆ ಇಟ್ಟ ಜೀತದಾಳುಗಳು ಕಾನೂನಿನ ಪ್ರಕಾರ ಬಿಡುಗಡೆಯಾಗೋಕೆ 1975-76ರ ಜೀತ ಪದ್ಧತಿ ರದ್ದತಿ ಕಾಯ್ದೆಯವರೆಗೆ ಕಾಯಬೇಕಾಯ್ತು.

ಆದರೂ ಆ ಸಂಘದ ಒಂದು ಗುಣ ನನ್ನನ್ನು ಕಾಡ್ತು. ಅಲ್ಲಿ ಸಾಲ ಕೇಳಿದರೆ ಊರವರು ಯಾತಕ್ಕೆ ಅಂತ ಕೇಳ್ತಾರೆ. ನಾನು ಆ್ಯಪ್ ಹಿಡಿದದ್ದೇ ಯಾರೂ ಕೇಳಬಾರದು ಅಂತ. ರಾತ್ರಿ ಹನ್ನೊಂದು ಗಂಟೆಗೆ, ರೂಮಿನಲ್ಲಿ, ಎರಡು ನಿಮಿಷದಲ್ಲಿ ದುಡ್ಡು ಬರುತ್ತಲ್ಲ! ಅದೇ ಆ್ಯಪ್ ನನ್ನ ಫೋನಿನಲ್ಲಿದ್ದ ನಂಬರ್‌ಗಳನ್ನೆಲ್ಲ ಎತ್ತಿಟ್ಟುಕೊಂಡಿತ್ತು. ಕಂತು ತಪ್ಪಿದ ಮೂರನೇ ದಿನ ನನ್ನ ಕಾಲೇಜಿನ ಮೇಷ್ಟರಿಗೆ, ಹಳೇ ಆಫೀಸಿನವರಿಗೆ ಫೋನ್ ಹೋಯ್ತು. ಅವರ್‍ಯಾರೂ ರುಜು ಹಾಕಿರಲಿಲ್ಲ, ಆದ್ರೂ ಅವರನ್ನೆಲ್ಲ ನನ್ನ ಜಾಮೀನುದಾರರನ್ನಾಗಿ ಮಾಡಿದ್ದರು. ಮಾನವೇ ಒತ್ತೆ.

ಮೇಷ್ಟರು ಅವ್ವನಿಗೆ ಹೇಳೋ ಮುಂಚೆ ನಾನೇ ಊರಿಗೆ ಹೋದೆ. ನೋಟ್‌ಬುಕ್ ಮುಂದಿಟ್ಟೆ. ಅವ್ವ ಒಂದು ಮಾತೂ ಆಡದೆ ಸೋದರಮಾವನಿಗೆ ಹೇಳಿ ಕಳಿಸಿದಳು. ಮಾವ ಬಂದು, ಚಹಾ ಕುಡಿದು, ನೋಟ್‌ಬುಕ್ಕಿನ ಎಲ್ಲ ಪುಟ ತಿರುವಿ ಹಾಕಿ ಕೇಳಿದ: "ಯಾತಕ್ಕ ಮಾಡೀಯೋ ಇಷ್ಟು?"

ಲ್ಯಾಪ್‌ಟಾಪು, ಮೈಕು, ಒಂದು ಫೋನು, ಸ್ನೇಹಿತನ ಮದುವೆ, ಎರಡು ತಿಂಗಳು ಕೆಲಸ ಇಲ್ಲದಾಗಿನ ಬಾಡಿಗೆ. ಜೋರಾಗಿ ಓದುವಾಗ ಬಾಡಿಗೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಸಣ್ಣದಾಗಿ ಕೇಳಿಸ್ತು. ಮಾವ ಬೈಯಲಿಲ್ಲ. "ಸಂಘದಾಗ ಕೇಳೂಣು" ಅಂದ.

ಅವ್ವ ಊರಿನ ಪತ್ತಿನ ಸಂಘದ ಸದಸ್ಯೆ. 2022ರ ಮಾರ್ಚಿನಲ್ಲಿ ಅವಳ ಹೆಸರಿನಲ್ಲಿ ಒಂದೂವರೆ ಲಕ್ಷ ಸಾಲ ಆಯ್ತು, ವರ್ಷಕ್ಕೆ ಹದಿಮೂರು ಪರ್ಸೆಂಟ್, ಮೂವತ್ತಾರು ಕಂತು, ಕಂತಿಗೆ ಐದು ಸಾವಿರದ ಚಿಲ್ಲರೆ. ಮಾವ ಮತ್ತು ಪಕ್ಕದ ಮನೆಯ ಕಾಕಾ ಜಾಮೀನು. ಉಳಿದ 38,000ಕ್ಕೆ ಲ್ಯಾಪ್‌ಟಾಪ್ ಮಾರಿದೆ, ಮೈಕ್ ಮಾರಿದೆ, ಸಾಲದೆ ಬಂದಷ್ಟಕ್ಕೆ ಆ ತಿಂಗಳ ಸಂಬಳ ಹಾಕಿದೆ. ಒಂದು ವರ್ಷ ಈ ಪಾಡ್‌ಕಾಸ್ಟ್ ನಿಂತುಹೋಗಿದ್ದು ಅದಕ್ಕೇ. ತಾಂತ್ರಿಕ ತೊಂದರೆ ಅಂತ ನಿಮಗೆ ಹೇಳಿದ್ದು ಸುಳ್ಳು.

ಆ್ಯಪ್‌ಗಳನ್ನು ತೀರಿಸಿ ಆರು ತಿಂಗಳಿಗೆ, 2022ರ ಸೆಪ್ಟೆಂಬರ್‌ನಲ್ಲಿ, ರಿಸರ್ವ್ ಬ್ಯಾಂಕಿನ ಡಿಜಿಟಲ್ ಸಾಲದ ಮಾರ್ಗಸೂಚಿ ಬಂತು. ಸಾಲದ ಪೂರ್ತಿ ಖರ್ಚನ್ನು ಮೊದಲೇ ತೋರಿಸಬೇಕು, ಫೋನಿನ ನಂಬರ್‌ಗಳನ್ನು ಮುಟ್ಟಬಾರದು ಅಂತ ಅದರಲ್ಲಿದೆ. 2025ರ ಫೆಬ್ರುವರಿಯಲ್ಲಿ, ಮೈಕ್ರೋ ಫೈನಾನ್ಸ್ ಕಿರುಕುಳದ ಸಾವುಗಳ ನಂತರ, ಕರ್ನಾಟಕ ಸರ್ಕಾರ ಸುಗ್ರೀವಾಜ್ಞೆ ತಂತು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು. ನನಗಿನ್ನೂ ಒಂದು ಕಂತು ಬಾಕಿ ಇತ್ತು.

ಮಾರ್ಚಿನಲ್ಲಿ ಅದನ್ನೂ ಕಟ್ಟಿದೆ. ಕಾರ್ಯದರ್ಶಿ ಬೇಬಾಕಿ ಪತ್ರ ಬರೆದು, ಸೀಲು ಒತ್ತಿ, ಅವ್ವನ ಕೈಗೆ ಕೊಟ್ಟರು, ನನಗಲ್ಲ. ಅವತ್ತೇ ನಾನೂ ಷೇರು ತಗೊಂಡು ಸದಸ್ಯನಾದೆ. ಮುಂಗಾರಿಗೆ ಮುಂಚೆ ಮಾವ ಬೋರ್‌ವೆಲ್ ಪಂಪಿಗೆ ಸಾಲ ಕೇಳಿದ. ಇಬ್ಬರು ಜಾಮೀನುದಾರರು ಬೇಕಿತ್ತು, ಒಂದು ರುಜು ನನ್ನದು.