ಕನ್ನಾ ಮನೆಗೆ ಬರುತ್ತಾನೆ: ಒಂದು ಆಫ್ರಿಕಾನ್ಸ್ ರೂಪಕದ ರಂಗವೃತ್ತಾಂತ

ನಾಟ್ಯವು ಸಾರ್ವವರ್ಣಿಕವಾದ ಐದನೆಯ ವೇದವೆಂದು ಭರತಮುನಿಯು ಹೇಳಿರುವನು. ವೇದಶ್ರವಣಕ್ಕೆ ಅಧಿಕಾರವಿಲ್ಲವೆಂದು ಹೊರಗಿಡಲ್ಪಟ್ಟವರನ್ನೂ ಒಳಗೊಂಡು ಸಕಲರಿಗಾಗಿ ಅದು ಹುಟ್ಟಿತೆಂಬುದು ನಾಟ್ಯಶಾಸ್ತ್ರದ ಮೊದಲನೆಯ ಅಧ್ಯಾಯದ ಕಥೆ. ಶಾಸ್ತ್ರವು ಹೀಗೆಂದರೂ ಲೋಕವು ಯಾವಾಗಲೂ ಹಾಗೆ ನಡೆದುಕೊಂಡಿಲ್ಲ. ನಾಟಕವು ಯಾರ ದುಃಖವನ್ನು ಹೇಳುತ್ತದೆಯೋ ಅವರೇ ನಾಟಕಶಾಲೆಯ ಬಾಗಿಲಾಚೆ ನಿಲ್ಲಬೇಕಾದ ಕಾಲವೊಂದು ದಕ್ಷಿಣ ಆಫ್ರಿಕದಲ್ಲಿ ಕಳೆದ ಶತಮಾನದಲ್ಲಿ ನಡೆದುಹೋಯಿತು. ಆಡಮ್ ಸ್ಮಾಲ್ ಎಂಬ ಕವಿಯ ‘ಕನ್ನಾ ಹೆಯ್ ಕೋ ಹೆಯ್‌ಸ್‌ಟೂ’ ಎಂಬ ರೂಪಕದ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ. ‘ಕನ್ನಾ ಮನೆಗೆ ಬರುತ್ತಾನೆ’ ಎಂಬುದು ಆ ಹೆಸರಿನ ಅರ್ಥ.

ಮೊದಲು ಭಾಷೆಯ ವಿಚಾರವನ್ನು ಎರಡು ಮಾತಿನಲ್ಲಿ ಹೇಳಬೇಕು. ಆಫ್ರಿಕಾನ್ಸ್ ನುಡಿಯು ಡಚ್ಚರ ಭಾಷೆಯಿಂದ ಕವಲೊಡೆದು, ಕೇಪ್ ಪ್ರಾಂತದ ಮೂಲನಿವಾಸಿಗಳಾದ ಖೋಯ್ ಜನರ ಮತ್ತು ಪೂರ್ವದೇಶಗಳಿಂದ ತರಲ್ಪಟ್ಟ ದಾಸರ ನಾಲಗೆಯಲ್ಲಿ ಪಳಗಿ ರೂಪುಗೊಂಡಿತು. ಕೇಪಿನ ಮುಸಲ್ಮಾನರು ಅದನ್ನು ಅರಬ್ಬೀ ಲಿಪಿಯಲ್ಲಿ ಬರೆದರು. ಅಬೂಬಕರ್ ಎಫೆಂದಿಯು ಹಾಗೆ ಬರೆದ ಧರ್ಮಗ್ರಂಥವೊಂದು 1877ರಲ್ಲಿ ಇಸ್ತಾಂಬುಲಿನಲ್ಲಿ ಅಚ್ಚಾಯಿತು. ಬಿಳಿಯರು 1875ರಲ್ಲಿ ಪಾರ್ಲ್ ಎಂಬ ಊರಿನಲ್ಲಿ ಸಂಘ ಕಟ್ಟಿ ಇದನ್ನು ತಮ್ಮ ಜನಾಂಗದ ನುಡಿಯೆಂದು ಸಾರಿದರು. 1925ರಲ್ಲಿ ಅದು ರಾಜ್ಯಭಾಷೆಯೂ ಆಯಿತು. ಭಾಷೆಗೆ ಸಿಂಹಾಸನ ದೊರೆಯಿತು. ಅದನ್ನಾಡುತ್ತಿದ್ದ ಬಹುಜನರಿಗೆ ಅಂಗಳವೂ ದಕ್ಕಲಿಲ್ಲ.

ಸರಕಾರವು ‘ಕಲರ್ಡ್’ ಎಂಬ ಪಟ್ಟಿಗೆ ಸೇರಿಸಿದ ಆ ಜನರಲ್ಲಿ ಒಬ್ಬನು ಆಡಮ್ ಸ್ಮಾಲ್. ಇವನು 1936ರಲ್ಲಿ ವೆಲಿಂಗ್ಟನ್ ಎಂಬ ಊರಿನಲ್ಲಿ ಹುಟ್ಟಿ, ತತ್ತ್ವಶಾಸ್ತ್ರವನ್ನು ವ್ಯಾಸಂಗಮಾಡಿ, ವೆಸ್ಟರ್ನ್ ಕೇಪ್ ವಿಶ್ವವಿದ್ಯಾಲಯದಲ್ಲಿ ಅದರ ಅಧ್ಯಾಪಕನಾದನು. ಗ್ರಾಂಥಿಕ ಭಾಷೆಯನ್ನು ಬಲ್ಲವನಾಗಿದ್ದೂ, ಕೇಪ್‌ಟೌನಿನ ಬಡಜನರಾಡುವ ಕಾಪ್ಸ್ ಎಂಬ ನುಡಿಯನ್ನೇ ಕಾವ್ಯಕ್ಕೂ ನಾಟಕಕ್ಕೂ ಆರಿಸಿಕೊಂಡನು.

ರೂಪಕವು 1965ರಲ್ಲಿ ಪ್ರಕಟವಾಯಿತು. ಮಕೀಟ್ ಎಂಬ ಮುದುಕಿ ಗಾಲಿಕುರ್ಚಿಯಲ್ಲಿ ಕುಳಿತವಳು. ಅವಳು ಸಾಕಿದ ಕನ್ನಾ ಎಂಬ ಹುಡುಗನು ವಿದ್ಯಾವಂತನಾಗಿ ಸಮುದ್ರದಾಚೆ ಹೋಗಿ ಇಂಜಿನಿಯರನಾಗಿರುವನು. ಹಳ್ಳಿಯನ್ನು ಬಿಟ್ಟು ಪಟ್ಟಣಕ್ಕೆ ಬಂದ ಕುಟುಂಬವು ಇತ್ತ ಚೂರುಚೂರಾಗುತ್ತದೆ: ಕೀಟಿಯ ಮಾನಭಂಗವಾಗುತ್ತದೆ, ಡೀಕಿ ಕೊಲೆಗಾಗಿ ಗಲ್ಲಿಗೇರುತ್ತಾನೆ. ಎಲ್ಲರೂ ದಾರಿ ನೋಡುತ್ತಿದ್ದ ಕನ್ನಾ ಕಡೆಗೆ ಬರುವುದು ಮಕೀಟಳ ಉತ್ತರಕ್ರಿಯೆಗೆ. ಅಂಕಗಳ ರೂಢಿಯ ವಿಭಾಗವಿಲ್ಲದೆ, ಸತ್ತವರೂ ಬದುಕಿರುವವರೂ ಒಂದೇ ರಂಗದಲ್ಲಿ ಮಾತನಾಡುತ್ತ ಕಥೆಯು ಒಂದೇ ಓಟದಲ್ಲಿ ಸಾಗುತ್ತದೆ. ನಮ್ಮ ಲಾಕ್ಷಣಿಕರು ಉತ್ಸೃಷ್ಟಿಕಾಂಕವೆಂಬ ಏಕಾಂಕವನ್ನು ಹೇಳಿರುವರು; ಕರುಣವೇ ಅದರ ರಸ, ಸ್ತ್ರೀಯರ ವಿಲಾಪವೇ ಅದರ ಶರೀರ, ಸಾಮಾನ್ಯ ಮನುಷ್ಯರೇ ಅದರ ನಾಯಕರು. ಸ್ಮಾಲನು ನಮ್ಮ ಶಾಸ್ತ್ರವನ್ನು ನೋಡಿ ಬರೆದನೆಂದಲ್ಲ. ದುಃಖವು ತನಗೊಪ್ಪುವ ಪಾತ್ರೆಯನ್ನು ಎಲ್ಲ ದೇಶಗಳಲ್ಲಿಯೂ ಹುಡುಕಿಕೊಳ್ಳುವುದೆಂದು ಮಾತ್ರ ನನ್ನ ಅಭಿಪ್ರಾಯ.

ಇನ್ನೊಂದು ಸಾದೃಶ್ಯವೂ ಉಂಟು. ಸಂಸ್ಕೃತ ನಾಟಕಗಳಲ್ಲಿ ರಾಜನಿಗೆ ಸಂಸ್ಕೃತ, ಸ್ತ್ರೀಯರಿಗೂ ಸೇವಕರಿಗೂ ಪ್ರಾಕೃತ. ಇಲ್ಲಿಯೂ ಪರದೇಶವಾಸಿಯಾದ ಕನ್ನಾ ಆಡುವುದು ಶಿಷ್ಟ ಆಫ್ರಿಕಾನ್ಸ್. ಮನೆಯವರು ಆಡುವುದು ಕಾಪ್ಸ್. ಭೇದವಿಷ್ಟೆ: ಇಲ್ಲಿ ರಸವೆಲ್ಲವೂ ಪ್ರಾಕೃತದಲ್ಲಿದೆ, ಶಿಷ್ಟಭಾಷೆಯು ಮನೆಯಿಂದ ದೂರವಾದವನ ಗುರುತಾಗಿದೆ.

ಇನ್ನು ರಂಗದ ಮಾತು. ಬೇರೆ ಬೇರೆ ವರ್ಣದವರು ವಿಶೇಷ ಅಪ್ಪಣೆಯಿಲ್ಲದೆ ಒಂದೇ ಸಭೆಯಲ್ಲಿ ಕುಳಿತು ನಾಟಕ ನೋಡಕೂಡದೆಂದು ಸರಕಾರವು ಘೋಷಣೆ ಹೊರಡಿಸಿದುದೂ ಅದೇ 1965ರಲ್ಲಿಯೇ. ಮರುವರ್ಷ ಕೇಪ್‌ಟೌನಿನ ಡಿಸ್ಟ್ರಿಕ್ಟ್ ಸಿಕ್ಸ್ ಎಂಬ ಪೇಟೆಯನ್ನು ಬಿಳಿಯರ ಪ್ರದೇಶವೆಂದು ಸಾರಲಾಯಿತು. ಕಾಲಕ್ರಮದಲ್ಲಿ ಅಲ್ಲಿಂದ 60,000ಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಊರಹೊರಗಿನ ಮರಳುನೆಲಕ್ಕೆ ಸಾಗಿಸಿದರು. ಅದೇ ನಗರದಲ್ಲಿ 1971ರಲ್ಲಿ ನಿಕೋ ಮಲಾನ್ ಎಂಬ ಭವ್ಯವಾದ ನಾಟಕಶಾಲೆಯು ಬಿಳಿಯರಿಗೆ ಮಾತ್ರ ತೆರೆಯಿತು.

ಸರಕಾರದ ಧನಸಹಾಯದಿಂದ ನಡೆಯುತ್ತಿದ್ದ ಟ್ರಾನ್ಸ್‌ವಾಲ್ ಪ್ರಾಂತದ ಸಂಸ್ಥೆಯು 1970ರ ದಶಕದಲ್ಲಿ ‘ಕನ್ನಾ’ವನ್ನು ರಂಗಕ್ಕೆ ತಂದಾಗ, ಮಕೀಟಳ ಪಾತ್ರವನ್ನು ವಹಿಸಿದವಳು ವಿಲ್ನಾ ಸ್ನೀಮನ್ ಎಂಬ ಬಿಳಿಯ ನಟಿ. ಅವಳ ಅಭಿನಯವು ಹೆಸರಾಯಿತು. ನಟಿಯನ್ನು ದೂರಲು ಕಾರಣವಿಲ್ಲ, ಪರಕಾಯಪ್ರವೇಶವೇ ನಟನಧರ್ಮ. ಆದರೆ ಮಕೀಟಳ ಗಾಲಿಕುರ್ಚಿಯಲ್ಲಿ ಬಿಳಿಯಳು ಕುಳಿತುಕೊಳ್ಳಬಹುದಾಗಿದ್ದ ದೇಶದಲ್ಲಿ, ಬಿಳಿಯರ ಪ್ರೇಕ್ಷಾಗೃಹದ ಕುರ್ಚಿಯಲ್ಲಿ ಮಕೀಟಳಂಥವರು ಕುಳಿತುಕೊಳ್ಳುವಂತಿರಲಿಲ್ಲ. ತಮ್ಮ ಅಳುವನ್ನು ಪರರು ಅತ್ತುದನ್ನು ಕೇಳುವ ಹಕ್ಕೂ ಅವರಿಗಿರಲಿಲ್ಲವೆಂದ ಮೇಲೆ, ಅಂಥ ಸಭೆಯಲ್ಲಿ ಹುಟ್ಟಿದ ಕರುಣರಸವು ಪೂರ್ಣವಾಯಿತೆನ್ನಬಹುದೆ? ಸಹೃದಯರೇ ವಿಚಾರಮಾಡಬೇಕು.

ನಿಕೋ ಮಲಾನ್ ನಾಟಕಶಾಲೆಯ ಬಾಗಿಲು 1975ರಲ್ಲಿ ಎಲ್ಲ ವರ್ಣದವರಿಗೂ ತೆರೆಯಿತು. 2001ರಲ್ಲಿ ಅದರ ಹೆಸರೂ ಆರ್ಟ್‌ಸ್ಕೇಪ್ ಎಂದು ಬದಲಾಯಿತು. ಆಫ್ರಿಕಾನ್ಸ್ ಸಾಹಿತ್ಯದ ಶ್ರೇಷ್ಠ ಗೌರವವಾದ ಹರ್ಟ್‌ಜಾಗ್ ಪಾರಿತೋಷಕವು ನಾಟಕಕಾರನಾದ ಸ್ಮಾಲನಿಗೆ ದೊರೆತದ್ದು 2012ರಲ್ಲಿ, ರೂಪಕವು ಅಚ್ಚಾಗಿ 47 ವರ್ಷಗಳಾದ ಮೇಲೆ. ಆಗ ಅವನಿಗೆ 75 ವರ್ಷ. ಅವನು 2016ರಲ್ಲಿ ಕಾಲವಾದನು.

ಕನ್ನಾ ಮನೆಗೆ ಬಂದಾಗ ಕಾಯುತ್ತಿದ್ದವಳು ಇರಲಿಲ್ಲ. ಗೌರವವು ಕವಿಯ ಮನೆಗೆ ಬಂದಾಗ ಅವನಾದರೂ ಇದ್ದನು. ಅವನ ನುಡಿಯನ್ನಾಡಿದ ಎಷ್ಟೋ ಜನರು ಇರಲಿಲ್ಲ. ಭಾಷೆಯೊಂದಕ್ಕೆ ಸಾಮ್ರಾಜ್ಯ ದೊರೆಯುವುದು ದೊಡ್ಡದಲ್ಲ. ಅದನ್ನಾಡುವ ಕಡೆಯವನಿಗೂ ಅದರ ಸಭೆಯಲ್ಲಿ ಆಸನವಿರಬೇಕು. ಐದನೆಯ ವೇದವು ಯಾರಿಗಾಗಿ ಹುಟ್ಟಿತೆಂಬುದನ್ನು ಭಾಷಾಭಿಮಾನಿಗಳಾದ ನಾವೂ ಆಗಾಗ ನೆನೆಯುವುದೊಳ್ಳೆಯದು.